ಜೈತೂನಬಿ ಕಟ್ಟಿದ ಗಂಟು

ಬ್ಯಾಡಗಿಯಿಂದ ಮೆಣಸಿನಕಾಯಿ ಹೇರಿಕೊಂಡು ಹೊರಟ ಲಾರಿ ನಾಲ್ಕನೇ ದಿನ ಮಧ್ಯಾಹ್ನ ರಾಜಸ್ಥಾನದ ಮರುಭೂಮಿ ರಾಷ್ಟ್ರೀಯ ಉದ್ಯಾನದ ನಟ್ಟನಡುವೆ ಮರಳಿನಲ್ಲಿ ಹೂತು ನಿಂತಿತು. ಉದ್ಯಾನ ಎಂದು ಹೆಸರಿಟ್ಟ ಪುಣ್ಯಾತ್ಮನನ್ನು ಡ್ರೈವರ್ ಮಲಂಗಸಾಬ ಬಾಯಿತುಂಬ ಬೈದ. ಒಂದು ಹೂವಿಲ್ಲ, ಅಂಗೈಯಗಲ ನೆರಳಿಲ್ಲ. ದೂರದಲ್ಲಿ ನಾಲ್ಕು ಚಿಗರಿ ಅವನನ್ನೇ ನೋಡುತ್ತ ನಿಂತಿದ್ದವು. ಚಿಗರಿ ರಾಣೇಬೆನ್ನೂರಿನಲ್ಲೂ ಉಂಟು. ಆದರೆ ಅಲ್ಲಿ ಹೊಲಕ್ಕೆ ನುಗ್ಗಿದರೆ ಹೋ ಎಂದು ಕೂಗಿ ಅಟ್ಟುವವರಿರುತ್ತಾರೆ. ಇಲ್ಲಿ ಗಾಳಿ ಬಿಟ್ಟರೆ ಮಾತಾಡುವವರಿಲ್ಲ.

ಜೊತೆಗಾರ ಫಕ್ಕೀರಪ್ಪ ಜ್ವರ ಹಿಡಿದು ಅಹಮದಾಬಾದಿನಲ್ಲೇ ಇಳಿದುಕೊಂಡಿದ್ದ. ಹತ್ತು ಮೈಲಿ ಉಳಿಯುತ್ತದೆಂದು ಒಳದಾರಿ ಹಿಡಿದದ್ದು ಮಾತ್ರ ಮಲಂಗಸಾಬನ ಸ್ವಂತ ಬುದ್ಧಿ.

ಕ್ಯಾಬಿನ್ನಿನಲ್ಲಿ ಅವನ ಸೀಟಿನ ಪಕ್ಕ, ಗೋಣಿತಟ್ಟು ಸುತ್ತಿದ ಒಂದು ಭರಣಿ ಕೂತಿತ್ತು. ಅದರೊಳಗೆ ಹೆಂಡತಿ ಜೈತೂನಬಿ ಅರೆದ ರಂಜಕ: ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಲಿಂಬೆರಸ. ಬ್ಯಾಡಗಿ ಕಾಯಿಗೆ ಮೊದಲೇ ಬಣ್ಣ ಹೆಚ್ಚು, ಖಾರ ಕಡಿಮೆ. ಅದು ಸಾಲದೆಂದು ಆಕೆ ಒಂದೊಂದೇ ಕಾಯಿ ಸೀಳಿ ಬೀಜ ತೆಗೆಯುತ್ತಿದ್ದಳು. "ನಿಮ್ಮ ಹೊಟ್ಟಿಗೆ ಖಾರ ಆಗಿಬರೂದಿಲ್ರಿ," ಎನ್ನುತ್ತಿದ್ದಳು.

ಭರಣಿಯ ಬಾಯಿಗೆ ಬಟ್ಟೆ ಕಟ್ಟಿಟ್ಟ ಹದಿನೈದು ದಿನಕ್ಕೆ ಜೈತೂನಬಿ ತೀರಿಕೊಂಡಳು. ಮಲಂಗಸಾಬ ಆಗ ನಾಗಪುರದ ದಾರಿಯಲ್ಲಿದ್ದ. ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು, ಅಳುವವರೆಲ್ಲ ಅತ್ತು ಮುಗಿಸಿದ್ದರು. ತಾನೊಬ್ಬನೇ ಹೊಸದಾಗಿ ಶುರುಮಾಡುವುದು ಹೇಗೆಂದು ತಿಳಿಯದೆ ಅವನು ಬಂದವರಿಗೆ ಚಹಾ ಕೊಡಿಸಿದ.

ನಾಲ್ಕು ತಿಂಗಳಾಯಿತು. ಭರಣಿ ಪ್ರತಿ ಟ್ರಿಪ್ಪಿನಲ್ಲೂ ಅವನ ಜೊತೆ ಹೋಗುತ್ತದೆ, ಹಾಗೇ ಮರಳುತ್ತದೆ. "ಸಾಹೇಬ್ರ, ಬಿಚ್ರಿ ಅದನ್ನ. ಬರೇ ರೊಟ್ಟಿ ಗಂಟಲದಾಗ ಇಳಿವಲ್ದು," ಎಂದು ಫಕ್ಕೀರಪ್ಪ ಈ ಸಲವೂ ಕೇಳಿದ್ದ.

"ಮುಟ್ಟಿದಿ ಅಂದ್ರ ಕೈ ಮುರೀತೇನಿ ನೋಡ ಮತ್ತ," ಎಂದಿದ್ದ ಮಲಂಗಸಾಬ. ಬಟ್ಟೆಯ ಮೇಲಿನ ಆ ಗಂಟು ಅವಳು ಹಾಕಿದ್ದು. ಬಿಚ್ಚಿದರೆ ಮತ್ತೆ ಅದೇ ಗಂಟು ಹಾಕಲು ಯಾರಿದ್ದಾರೆ?

ಬಿಸಿಲು ನೆತ್ತಿ ಸುಡುತ್ತಿದ್ದಾಗ ಆಡು ಮೇಯಿಸುವ ಮುದುಕನೊಬ್ಬ ಬಂದ. ಕೇಳದೇ ಕೂತು ಕೈಯಿಂದ ಮರಳು ತೋಡಿದ, ಮುಳ್ಳುಕಂಟಿ ಕಡಿದು ಗಾಲಿಗಳ ಕೆಳಗೆ ಹಾಸಿದ. ಎರಡು ತಾಸಿಗೆ ಲಾರಿ ಮೇಲೆದ್ದಿತು. ಆಮೇಲೆ ಮುದುಕ ಲಾರಿಯ ನೆರಳಿಗೆ ಕೂತು ತನ್ನ ಬುತ್ತಿಯಿಂದ ಒಂದು ಸಜ್ಜೆ ರೊಟ್ಟಿ ತೆಗೆದ. ಮಲಂಗಸಾಬ ತನ್ನ ಒಣ ಕಟಕ ರೊಟ್ಟಿಯ ಜೊತೆ ಭರಣಿಯನ್ನೂ ಇಳಿಸಿಕೊಂಡ. ಎದುರಿಗಿಟ್ಟುಕೊಂಡು ಉಣ್ಣುವುದು ಅವನ ರೂಢಿ.

ಅದರಲ್ಲೇನಿದೆ ಎಂದು ಮುದುಕ ಹಿಂದೂಸ್ತಾನಿಯಲ್ಲಿ ಕೇಳಿದ.

"ಔಷಧ," ಎಂದ ಮಲಂಗಸಾಬ, ಮನೆಯ ಉರ್ದುವಿನಲ್ಲಿ.

ಮುದುಕ ತಲೆಯಾಡಿಸಿ, ಇದ್ದ ಒಂದೇ ರೊಟ್ಟಿಯನ್ನು ಮುರಿದು ದೊಡ್ಡ ಚೂರನ್ನು ಇವನ ಕಡೆ ಚಾಚಿದ.

ಮಲಂಗಸಾಬನಿಗೆ ನೆಲ ಬಿರಿಯಬಾರದೇ ಅನಿಸಿತು. ಅವನ ಸೀಮೆಯಲ್ಲಿ ದಾರಿಹೋಕರಿಗೂ "ಬರ್ರಿ, ಊಟ ಮಾಡೂಣು" ಅನ್ನದೆ ತುತ್ತು ಎತ್ತಿದವನನ್ನು ಮನುಷ್ಯರಲ್ಲಿ ಎಣಿಸುವುದಿಲ್ಲ. ಜೈತೂನಬಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಉಗಿಯುತ್ತಿದ್ದಳು. ಅವನು ಗಂಟಿಗೆ ಕೈ ಹಾಕಿದ. ಬೆರಳಿಗೆ ಜಗ್ಗಲಿಲ್ಲ. ಕೊನೆಗೆ ಹಲ್ಲು ಹಚ್ಚಿ ಬಿಚ್ಚಬೇಕಾಯಿತು.

ಮುದುಕ ಆ ಕೆಂಪು ನೋಡಿ ಹೆದರಿ, ರೊಟ್ಟಿಯ ತುದಿಯನ್ನಷ್ಟೇ ಅದ್ದಿ ನಾಲಿಗೆಗೆ ಮುಟ್ಟಿಸಿದ. ಮುಖ ಅರಳಿತು. ಎರಡನೇ ಸಲ ಧಾರಾಳವಾಗಿ ಬಳಿದುಕೊಂಡ. ಒಂದು ಬೀಜವೂ ಇಲ್ಲವಲ್ಲ ಎಂದು ಬೆರಳಿನಿಂದ ಸವರಿ ನೋಡಿದ.

ಮಲಂಗಸಾಬ ಒಂದು ತುತ್ತು ಬಾಯಿಗಿಟ್ಟ. ನಾಲ್ಕು ತಿಂಗಳ ಅಳು ಒಮ್ಮೆಲೇ ಬಂತು. ಭುಜ ಕುಣಿಯಿತು, ಗಡ್ಡ ತೊಯ್ದಿತು. ಗುರುತಿಲ್ಲದವನ ಮುಂದೆ ನಾಚಿಕೆಯಾಗಿ, "ಖಾರ... ಭಾಳ ಖಾರ ಐತಿ," ಎಂದ. ಅವಸರದಲ್ಲಿ ಕನ್ನಡವೇ ಬಂದುಬಿಟ್ಟಿತ್ತು. ಬಾಯಿಯ ಮುಂದೆ ಕೈ ಬೀಸಿ ತೋರಿಸಿದ.

ಮುದುಕ ಬಿಚ್ಚಿದ ಬಟ್ಟೆಯನ್ನು ನೋಡಿದ, ಇವನನ್ನು ನೋಡಿದ. ಮೆಲ್ಲಗೆ ರುಮಾಲಿನ ತುದಿಯಿಂದ ತನ್ನ ಒಣ ಕಣ್ಣುಗಳನ್ನು ಒರೆಸಿಕೊಂಡು ಉಸ್ ಉಸ್ ಎಂದ.

"ಹೌದು ಭಾಯಿ, ಭಾರೀ ಖಾರ," ಎಂದು ತನ್ನ ಭಾಷೆಯಲ್ಲಿ ಹೇಳಿ ಆಡುಗಳ ಕಡೆ ಮುಖ ತಿರುಗಿಸಿ ಕೂತ. ಮಲಂಗಸಾಬನ ಅಳು ಮುಗಿಯುವವರೆಗೂ ಈ ಕಡೆ ತಿರುಗಲಿಲ್ಲ.