ಅಮ್ಮ ಎದ್ದು ನಿಂತದ್ದು

ಕುಮನಾ ಊರಿನ ಕಡಲ ದಂಡೆಯಲ್ಲಿ ಫುಟ್‌ಬಾಲ್ ಆಡುವಾಗ ಗೋಲಿನಲ್ಲಿ ನಿಲ್ಲುತ್ತಿದ್ದವಳು ಯಾವಾಗಲೂ ಅಕ್ಕ ಯೊರ್ಲೆನಿಯೇ. ಒದೆಯುವ ಸುಖ ತಂಗಿ ನೊರ್ಕಿಸ್‌ದು, ಮರಳಿನಲ್ಲಿ ಬೀಳುವ ಕೆಲಸ ಅಕ್ಕನದು. ಹಾಗೆ ಬಿದ್ದೂ ಬಿದ್ದೂ ಹದಿನಾರನೆಯ ವಯಸ್ಸಿಗೆ ಅವಳು ವೆನೆಜುವೆಲಾದ ಕಿರಿಯರ ತಂಡಕ್ಕೆ ಗೋಲ್‌ಕೀಪರ್ ಆದಳು.

ಅಷ್ಟು ಹೊತ್ತಿಗೆ ಅಕ್ಕ ತಂಗಿ ದೂರವಾಗಿ ನಾಲ್ಕು ವರ್ಷ ಕಳೆದಿತ್ತು. ಊರಲ್ಲಿ ಕೆಲಸವಿಲ್ಲ, ಅಂಗಡಿಯಲ್ಲಿ ಹಿಟ್ಟಿಲ್ಲ ಎನ್ನುವ ಕಾಲದಲ್ಲಿ ತಾಯಿ ಎಗ್ಲೇ ಗಡಿ ದಾಟಿ ಕೊಲಂಬಿಯಾಕ್ಕೆ ಹೊರಟಳು. ಆ ತಿಂಗಳೇ ಅಜ್ಜಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ನೀರು ಹಿಡಿಯಲು, ಅಜ್ಜಿಯನ್ನು ಎಬ್ಬಿಸಿ ಕೂರಿಸಲು ಮನೆಯಲ್ಲಿ ಒಬ್ಬರು ಬೇಕಿತ್ತು. ಸಣ್ಣವಳು ತನ್ನನ್ನು ಬಿಟ್ಟಿರಲಾರಳು, ದೊಡ್ಡವಳಿಗೆ ತಿಳಿವಳಿಕೆಯಿದೆ ಎಂದು ತಾಯಿ ತೀರ್ಮಾನ ಮಾಡಿದಳು. ಆರು ತಿಂಗಳಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ದೊಡ್ಡವಳಿಗೆ ಹೇಳಿ, ಸಣ್ಣವಳ ಜೊತೆ ಬಸ್ಸು ಹತ್ತಿದಳು. ಅಲ್ಲಿ ಹೋಟೆಲಿನ ಅಡುಗೆಮನೆ, ಬಾಡಿಗೆ ಕೋಣೆ, ಮುಗಿಯದ ಕಾಗದಪತ್ರದ ಓಡಾಟ. ಆ ಆರು ತಿಂಗಳು ನಾಲ್ಕು ವರ್ಷವಾಯಿತು.

ಬಿಟ್ಟುಹೋದ ಅಪ್ಪ ಮಕ್ಕಳಿಗೆ ಕೊಟ್ಟದ್ದು ಒಂದೇ: ಅವನು ಕೊಲಂಬಿಯಾದವನು. ಆ ಹಕ್ಕಿನ ಮೇಲೆ ನೊರ್ಕಿಸ್ ಅಲ್ಲಿನವಳಾದಳು, ಅಲ್ಲಿನ ಹಳದಿ ಅಂಗಿ ತೊಟ್ಟಳು. ದಕ್ಷಿಣ ಅಮೆರಿಕದ ಹದಿನೇಳರೊಳಗಿನ ಹುಡುಗಿಯರ ಟೂರ್ನಿ ಆ ವರ್ಷ ವೆನೆಜುವೆಲಾದ ವಲೆನ್ಸಿಯಾದಲ್ಲಿ ನಡೆದಾಗ, ಗುಂಪಿನ ಕೊನೆಯ ಪಂದ್ಯದಲ್ಲಿ ಎರಡೂ ತಂಡಗಳು ಎದುರಾದವು.

ತಂಡದ ಹುಡುಗಿಯರು ಯೊರ್ಲೆನಿಯನ್ನು ಸುಮ್ಮನೆ ಬಿಡಲಿಲ್ಲ. ಊಟದ ಮೇಜಿನಲ್ಲಿ ನಾಯಕಿ ಮಾಗ್ಡೆಲಿಸ್ ಕೆಣಕಿದಳು: "ತಂಗಿ ಬಂದ್ಲು ಅಂತ ಬಾಗಿಲು ತೆಗೆದು ಒಳಗೆ ಕರೀಬೇಡ ಕಣೇ."

"ಅವಳಿಗೆ ಬಾಗಿಲು ಬಡಿಯೋಕೇ ಬರಲ್ಲ, ಸುಮ್ನೆ ತಿನ್ನು," ಎಂದಳು ಯೊರ್ಲೆನಿ. ಎಲ್ಲರ ಜೊತೆ ತಾನೂ ನಕ್ಕಳು. ಅವಳ ಮನಸ್ಸು ಬೇರೆ ಕಡೆಗಿತ್ತು. ಅಮ್ಮ ಬರುತ್ತಿದ್ದಳು. ಬಸ್ಸಿನಿಂದ ಬಸ್ಸಿಗೆ ಹತ್ತಿ, ಗಡಿ ದಾಟಿ, ಆಟ ನೋಡಲು ಬರುತ್ತಿದ್ದಳು.

ಪಂದ್ಯದ ಹಿಂದಿನ ಸಂಜೆ ತಂಡ ಇಳಿದುಕೊಂಡಿದ್ದ ಹೋಟೆಲಿಗೆ ಎಗ್ಲೇ ಬಂದಳು. ಫೋನಿನಲ್ಲಿ ಕಂಡದ್ದಕ್ಕಿಂತ ಸಣ್ಣಗಿದ್ದಳು, ಅಥವಾ ಮಗಳೇ ಎತ್ತರವಾಗಿದ್ದಳು. ಅಪ್ಪಿಕೊಂಡರೆ ಅಮ್ಮನ ತಲೆ ಅವಳ ಗದ್ದಕ್ಕೆ ತಾಗಿತು. ಎಗ್ಲೇ ಚೀಲದಿಂದ ಗೋಲ್‌ಕೀಪರ್‌ಗಳು ಹಾಕುವ ಹೊಸ ಕೈಗವಸು ತೆಗೆದು ಕೊಟ್ಟಳು. ಯೊರ್ಲೆನಿ ಒಂದನ್ನು ತೊಡಲು ನೋಡಿದಳು; ಹೆಬ್ಬೆರಳ ಬುಡ ದಾಟಲಿಲ್ಲ. ಹನ್ನೆರಡು ವರ್ಷದ ಹುಡುಗಿಯ ಕೈಯ ಅಳತೆ ಅದು.

"ಸರಿಯಾಗಿದೆಯಾ ಮಗಳೇ?"

"ಹೂಂ ಅಮ್ಮ. ಹೊಸದಲ್ವಾ, ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ."

ಮರುದಿನ ಅಂಗಣ ತುಂಬಿ ಹೋಗಿತ್ತು. ಸಮವಾದರೂ ಸಾಕು, ವೆನೆಜುವೆಲಾ ಮುಂದಿನ ಸುತ್ತಿಗೆ ಹೋಗುತ್ತಿತ್ತು. ಕೊಲಂಬಿಯಾದ ಆಟಗಾರ್ತಿಯರ ಮನೆಯವರನ್ನೆಲ್ಲ ಗೋಲಿನ ಪಕ್ಕದ ಮೂಲೆಯಲ್ಲಿ ಕೂರಿಸಿದ್ದರು. ಅಮ್ಮ ಅಲ್ಲಿದ್ದಳು, ಹಳದಿ ಅಂಗಿಯಲ್ಲಿ. ಟಿಕೆಟ್ ಕೊಟ್ಟವರು ಅಂಗಿಯನ್ನೂ ಕೊಟ್ಟಿರಬೇಕು ಎಂದು ಯೊರ್ಲೆನಿ ತನಗೆ ತಾನೇ ಹೇಳಿಕೊಂಡಳು.

ಅವಳು ಆವತ್ತು ಚೆನ್ನಾಗಿಯೇ ಆಡಿದಳು. ತಂಗಿಯ ಎರಡು ಹೊಡೆತಗಳನ್ನು ಹಾರಿ ತಡೆದಳು. ಎರಡನೆಯ ಸಲ ನೊರ್ಕಿಸ್ ಸೊಂಟದ ಮೇಲೆ ಕೈಯಿಟ್ಟು, ದಂಡೆಯಲ್ಲಿ ನಿಲ್ಲುತ್ತಿದ್ದ ಹಾಗೆಯೇ, ಮೂತಿ ತಿರುವಿದಳು. ಯೊರ್ಲೆನಿಗೆ ನಗು ಬಂತು.

ಇನ್ನೇನು ಮುಗಿಯಿತು ಎನ್ನುವಾಗ ಮೂಲೆಯಿಂದ ಎತ್ತರಕ್ಕೆ ಒಂದು ಚೆಂಡು ಬಂತು. ಯೊರ್ಲೆನಿ ಎಲ್ಲರಿಗಿಂತ ಮೇಲೆ ಜಿಗಿದು ಹಿಡಿದಳು. ಕೆಳಗಿಳಿಯುವಾಗ ಯಾರದೋ ಭುಜ ತಾಗಿತು. ಚೆಂಡು ಜಾರಿತು. ಅವಳು ಮತ್ತೆ ಕೈ ಚಾಚುವುದರೊಳಗೆ ಹಳದಿ ಅಂಗಿಯವಳೊಬ್ಬಳ ಕಾಲು ಅದನ್ನು ಗೆರೆಯೊಳಕ್ಕೆ ತಳ್ಳಿಬಿಟ್ಟಿತ್ತು. ನೊರ್ಕಿಸ್.

ನೊರ್ಕಿಸ್ ಅಕ್ಕನನ್ನು ನೋಡಲಿಲ್ಲ. ಹದಿನೈದರ ಹುಡುಗಿ, ಹುಚ್ಚು ಹಿಡಿದವಳಂತೆ ಕೂಗುತ್ತ ಮೂಲೆಗೆ ಓಡಿದಳು. ನೆಲದಲ್ಲಿ ಬಿದ್ದಲ್ಲಿಂದಲೇ ಯೊರ್ಲೆನಿ ಕಂಡಳು: ಅಮ್ಮ ಎದ್ದು ನಿಂತಿದ್ದಳು. ಎರಡೂ ಕೈ ಮೇಲೆತ್ತಿ, ಬಾಯಿ ತೆರೆದು, ಕುಣಿಯುತ್ತಿದ್ದಳು. ಅಷ್ಟು ಖುಷಿಯ ಅಮ್ಮನನ್ನು ಅವಳು ಹುಟ್ಟಿದ ಮೇಲೆ ನೋಡಿರಲಿಲ್ಲ. ಆಮೇಲೆ ಎಗ್ಲೇಯ ಕಣ್ಣು ಗೋಲಿನತ್ತ ಹೊರಳಿತು. ಎತ್ತಿದ ಕೈಗಳು ನಿಧಾನವಾಗಿ ಕೆಳಗಿಳಿದವು.

ಪಂದ್ಯ ಮುಗಿದ ಮೇಲೆ ಎಗ್ಲೇ ವೆನೆಜುವೆಲಾ ತಂಡದ ಬಸ್ಸಿನ ಹತ್ತಿರ ಕಾದಿದ್ದಳು. ಹಳದಿ ಅಂಗಿಯ ಮೇಲೆ ಯಾರದೋ ಕೋಟು ಹಾಕಿಕೊಂಡಿದ್ದಳು, ಆ ಸೆಕೆಯಲ್ಲಿ. "ನಂಗೆ ಗೊತ್ತೇ ಆಗ್ಲಿಲ್ಲ ಮಗಳೇ. ಕಾಲು ತಾನಾಗೇ ಎದ್ದುಬಿಡ್ತು," ಎಂದಳು.

"ನೋಡ್ದೆ ಅಮ್ಮ. ಪರವಾಗಿಲ್ಲ. ಒಳ್ಳೇ ಗೋಲು."

"ಈಗ್ಲೇ ನನ್ ಜೊತೆ ಬಂದ್ಬಿಡು. ಹೇಗೋ ಆಗುತ್ತೆ."

"ಅಜ್ಜೀನ ಯಾರು ನೋಡ್ಕೋತಾರೆ?"

ಎಗ್ಲೇ ಕೋಟನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಯೊರ್ಲೆನಿ ಬಸ್ಸು ಹತ್ತಿದಳು.

ಕುಮನಾದಲ್ಲಿ ಅಜ್ಜಿ ಊರುಗೋಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಸೋಲಿನ ಮಾತೆತ್ತಲಿಲ್ಲ. ಮೆಕ್ಕೆಜೋಳದ ಹಿಟ್ಟಿನ ರೊಟ್ಟಿ ಅರೇಪ ಸುಟ್ಟು, ಮೀನು ಹುರಿದು ತಟ್ಟೆಗೆ ಹಾಕಿದಳು. ಅಮ್ಮ ಸೊರಗಿದ್ದಾಳಾ ಎಂದು ವಿಚಾರಿಸಿದಳು.

"ಚೆನ್ನಾಗಿದ್ದಾಳೆ. ಆಟ ಮುಗಿಯೋವರೆಗೂ ನನ್ ಹೆಸರೇ ಕೂಗ್ತಿದ್ಲು ಅಜ್ಜಿ."

"ಕೂಗದೇ ಇರ್ತಾಳಾ," ಎಂದಳು ಅಜ್ಜಿ. ಪಂದ್ಯದ ಕೊನೆಯಲ್ಲಿ ಕರೆಂಟು ಹೋಗಿ ತನಗೆ ನೋಡಲಾಗಲಿಲ್ಲ ಎಂದೂ ಸೇರಿಸಿದಳು.

ಅಷ್ಟರಲ್ಲಿ, ಯೊರ್ಲೆನಿ ಇಲ್ಲದ ದಿನಗಳಲ್ಲಿ ಅಜ್ಜಿಯನ್ನು ನೋಡಿಕೊಂಡಿದ್ದ ಪಕ್ಕದ ಮನೆಯ ಬೆಲ್ಕಿಸ್ ಬಂದಳು. ಮನಸ್ಸಿನಲ್ಲಿ ಕೆಟ್ಟದ್ದಿಲ್ಲದ, ಬಾಯಿಗೆ ಬಾಗಿಲಿಲ್ಲದ ಹೆಂಗಸು. ಯೊರ್ಲೆನಿಯ ಬೆನ್ನು ಸವರುತ್ತ, ಎಗ್ಲೇ ಕುಣಿದದ್ದನ್ನು ಟೀವಿಯಲ್ಲಿ ದೊಡ್ಡದಾಗಿ ತೋರಿಸಿದರು, ಅಜ್ಜಿ ಅದನ್ನು ನೋಡಲಾರದೆ ಎದ್ದು ಟೀವಿ ಆರಿಸಿಬಿಟ್ಟಳು ಎಂದು ಮರುಗಿದಳು.

ಅಜ್ಜಿ ಅವಳನ್ನು ಗದರಿ ಹೊರಗೆ ಕಳಿಸಿದಳು. ಮೊಮ್ಮಗಳು ಅಜ್ಜಿಗಾಗಿ, ಅಜ್ಜಿ ಮೊಮ್ಮಗಳಿಗಾಗಿ ಸುಳ್ಳು ಹೇಳಿದ್ದರು. ಈಗ ಎರಡೂ ತಟ್ಟೆಯ ಮುಂದೆ ಬಿದ್ದಿದ್ದವು. ಅಲ್ಲಿಯವರೆಗೆ ಅಳದಿದ್ದ ಹುಡುಗಿ ಅಜ್ಜಿಯ ಮಡಿಲಿಗೆ ತಲೆ ಹಾಕಿ ಬಿಕ್ಕಿ ಬಿಕ್ಕಿ ಅತ್ತಳು.

ಫೋನು ಬಡಿದುಕೊಂಡಿತು. ಎಗ್ಲೇಯದೇ. ಯೊರ್ಲೆನಿ ಬೇಡವೆಂದು ತಲೆಯಾಡಿಸಿದಳು. ಅಜ್ಜಿ ಎತ್ತಿಕೊಂಡು, "ಊಟ ಮಾಡಿದ್ಲು. ಮಲಗಿದ್ದಾಳೆ," ಎಂದಳು. ಫೋನು ಇಡಲಿಲ್ಲ. ಅದನ್ನು ಕಿವಿಗೊತ್ತಿಕೊಂಡು, ಇನ್ನೊಂದು ಕೈಯಿಂದ ಮೊಮ್ಮಗಳ ತಲೆ ನೇವರಿಸುತ್ತ, ಆ ಕಡೆ ತನ್ನ ಮಗಳು ಅಳುವುದನ್ನು ಬಹಳ ಹೊತ್ತು ಕೇಳುತ್ತ ಕೂತಳು.