ಹೊಸತೊಡಕಿನ ಬೇಟೆ

ಯುಗಾದಿಯ ಮರುದಿನ, ಹೊಸತೊಡಕಿಗೆ, ಬಿಕ್ಕೋಡಿನವರು ಬೇಟೆಗೆ ಹೋಗುವುದು ಅಜ್ಜನ ಕಾಲದಿಂದ ಬಂದದ್ದು. ಆ ವರ್ಷ ಮೈಸೂರಿನಿಂದ ಹೊಸ ಕಾನೂನು ಬಂತು. ಕಾಡಿನಲ್ಲಿ ಬಲೆ, ಭರ್ಜಿ, ನಾಯಿ ಕೂಡದು. ದಾರಿ ಬಿಡದೆ ಅಡ್ಡಾಡಿ ಬರಲು ಮಾತ್ರ ದೊಡ್ಡ ಮನಸ್ಸು ಮಾಡಿ ಅಪ್ಪಣೆ ಕೊಟ್ಟಿದ್ದರು.

"ಕೇಕೆನಾದ್ರೂ ಹಾಕ್ಬೋದಾ ಸ್ವಾಮಿ?" ಎಂದ ಜವರಣ್ಣ. ಪ್ರತಿ ವರ್ಷ ಕೇಕೆ ಹಾಕಿ ಹಂದಿ ಎಬ್ಬಿಸುತ್ತಿದ್ದವನು ಅವನೇ.

"ಅದೂ ಕೂಡ್ದು," ಎಂದ ಕಾಡಿನಂಚಿನಲ್ಲಿ ಕಾವಲು ನಿಂತಿದ್ದ ಫಾರೆಸ್ಟ್ ಗಾರ್ಡು.

ಎಲ್ಲರೂ ಸಾಲಾಗಿ ಹೋಗಿ ಸಾಲಾಗಿ ಬಂದರು. ಪೊದೆಯಲ್ಲಿ ಹಂದಿ ಗುಟುರು ಹಾಕಿದರೂ ಯಾರೂ ತಿರುಗಿ ನೋಡಲಿಲ್ಲ.

ಮನೆಯಲ್ಲಿ ಜವರಣ್ಣನ ಹೆಂಡತಿ ಕೆಂಚಮ್ಮ ಎಂದಿನಂತೆ ಖಾರ ಅರೆದಿಟ್ಟು ಕಾಯುತ್ತಿದ್ದಳು. ಜವರಣ್ಣ ಬಂದವನು ಹೊಸ್ತಿಲಾಚೆಯೇ ನಿಂತ.

"ಯಾಕ್ ನಿಂತ್ಕಂಡ್ರಿ?"

"ಒಳೀಕ್ ಬರ್ಬೋದಾ?"

ಅವಳು ನಕ್ಕಳು. ಅವನು ಉತ್ತರಕ್ಕೆ ಕಾಯುತ್ತ ನಿಂತೇ ಇದ್ದ.