ಕಾಣದ ಜಾಗಕ್ಕೆ ಬಣ್ಣ

ಸೊಸೆ ಪರದೆಯ ಮೇಲಿನ ಪುಟ್ಟ ಕಣ್ಣಿನ ಗುರುತನ್ನು ಮುಟ್ಟಿದಳು. ಚಿತ್ರದಿಂದ ಓರಗಿತ್ತಿ ಮಾಯವಾದಳು. ಅವಳ ಹಿಂದೆ ಗೋಡೆ ಇರಬೇಕಿತ್ತು, ಇರಲಿಲ್ಲ. ಭುಜ, ಮೊಣಕೈ, ಜುಟ್ಟಿನ ಸಮೇತ ಅವಳದೇ ಆಕಾರದ ಬಿಳಿ ತೂತೊಂದು ಉಳಿಯಿತು.

ಟ್ಯಾಬ್ಲೆಟ್ಟನ್ನು ಊಟದ ಮೇಜಿನ ಮೇಲೆ ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಪಕ್ಕದ ಹಾಲಿನಲ್ಲಿ ತೀರಿಹೋದ ಅತ್ತೆಯನ್ನು ಮಲಗಿಸಿದ್ದರು. ಮೂರು ಗಂಟೆಗೆ ಗಾಡಿ ಬರುತ್ತದೆ. ಅಷ್ಟರೊಳಗೆ, ಅತ್ತೆಯೇ ಬರೆದ ಮನೆಮಂದಿಯ ಚಿತ್ರ ದೊಡ್ಡದಾಗಿ ಅಚ್ಚಾಗಿ, ಕಟ್ಟು ಹಾಕಿಸಿಕೊಂಡು ಅವರ ತಲೆಯ ಕಡೆ ನಿಲ್ಲಬೇಕು ಎಂಬುದು ನಾದಿನಿಯ ಹಟ. ಅದರಿಂದ ಒಬ್ಬಳನ್ನು ತೆಗೆಯಬೇಕು ಎಂಬುದೂ ಅವಳದೇ.

"ತೆಗ್ದ್ಯಾ?" ನಾದಿನಿ ಬಾಗಿಲಲ್ಲಿ ನಿಂತು ಕೇಳಿದಳು.

"ತೆಗ್ದೆ. ಜಾಗ ಖಾಲಿ ಕಾಣತ್ತೆ. ಗೋಡೆ ಬಳೀಬೇಕು."

"ಬಳಿ. ನನ್ನ ತಮ್ಮನ್ನ ಬಿಟ್ಟುಹೋದೋಳು ಅಮ್ಮನ ತಲೆ ಹತ್ರ ಹಲ್ಲು ಕಿರ್ಕೊಂಡು ನಿಂತ್ಕೊಳ್ಳೋದು ಬೇಡ." ನಂತರ ದನಿ ಇಳಿಸಿ, "ಇನ್ಮೇಲೆ ಈ ಮನೆ ನಿನ್ನ ಕೈಲೇ ಕಣೇ. ಅಪ್ಪಂಗೆ ಹೊತ್ತುಹೊತ್ತಿಗೆ ಮಾತ್ರೆ ಕೊಡ್ಬೇಕು. ನಿನ್ನ ಗಂಡ ಅಂತೂ ಒಂದು ಲೋಟ ತೊಳೆಯೋನಲ್ಲ. ನೀನಿದ್ದೀಯಲ್ಲ, ಅದೇ ಧೈರ್ಯ ನಂಗೆ" ಅಂದಳು.

"ಹೂಂ" ಅಂದಳು ಸೊಸೆ. ಬೆಳಗಿನಿಂದ ಎಲ್ಲದಕ್ಕೂ ಹೂಂ ಅನ್ನುತ್ತಿದ್ದಳು. ಮೈಗೆ ಬೇರೆ ಯಾರದೋ ಅಂಗಿ ತೊಟ್ಟ ಹಾಗಿತ್ತು. ಯಾರು ಎಲ್ಲಿ ಮುಟ್ಟಿದರೂ ತನಗೆ ತಾಗುತ್ತಿರಲಿಲ್ಲ.

ಮೇಜಿನ ಮೇಲಿದ್ದ ಪೆನ್ನಿನ ಚೀಲದೊಳಗೆ ಒಂದು ಬೀಗದ ಕೈ ಇತ್ತು. ಅವಳು ಶಾಲೆಯ ಪುಸ್ತಕಗಳಿಗೆ ಚಿತ್ರ ಬರೆದುಕೊಡುವವಳು. ಪ್ರಕಾಶಕರ ಬೀದಿಯಲ್ಲೇ, ಊರಿನ ಆ ತುದಿಯಲ್ಲಿ, ಒಂದು ಕೋಣೆ ಹಿಡಿದು ಐದು ತಿಂಗಳಾಗಿತ್ತು. ಈ ಮನೆ ಬಿಟ್ಟು ಹೊರಡಬೇಕೆಂದುಕೊಂಡ ವಾರವೇ ಅತ್ತೆ ಹಾಸಿಗೆ ಹಿಡಿದರು. ಯಾರಿಗೂ ಹೇಳಿರಲಿಲ್ಲ. ಗಂಡನಿಗೆ ಹೇಳಲು ನಡುವೆ ಒಂದು ಜಗಳವಾದರೂ ಬೇಕಿತ್ತು. ಹನ್ನೆರಡು ವರ್ಷಗಳಲ್ಲಿ ಅದೂ ನಿಂತುಹೋಗಿತ್ತು.

ಎದುರಿಗೆ ಚಹಾ ಕುಡಿಯುತ್ತ ಕೂತಿದ್ದ ಕಾಜಾದಜ್ಜಿ ಪರದೆಯತ್ತ ಬಗ್ಗಿದಳು. ಅತ್ತೆ ದುಡಿದ ಹೊಲಿಗೆ ಅಂಗಡಿಯಲ್ಲಿ ಗುಂಡಿಯ ಕಾಜಾ ಹೊಲಿಯುತ್ತಿದ್ದವಳು ಅವಳು.

"ಏನಮ್ಮ ಈ ಬಿಳೀದು?"

"ಜನ ನಿಂತಿರೋ ಕಡೆ ಅತ್ತೆ ಹಿಂದಿನ ಗೋಡೆ ಬಳ್ದೇ ಇಲ್ಲ ಅಜ್ಜಿ."

ಸತ್ತ ಮನೆಯೆಂಬುದನ್ನು ಮರೆತು ಅಜ್ಜಿ ನಕ್ಕಳು. "ಅದೇ ಬುದ್ಧಿ ನೋಡು. ಕೋಟಿನ ಒಳಗಡೆಗೆ ಚೂರುಪಾರು ಕೂಡಿಸಿ ಹೊಲಿಯೋಳು. ಯಾಕೇ ಅಂದ್ರೆ, ಯಾರು ಬಿಚ್ಚಿ ನೋಡ್ತಾರೆ ಅನ್ನೋಳು. ಮೂವತ್ತೆರಡು ವರ್ಷ ಪಕ್ಕದ ಮಿಷನ್ನು ನಂದು. ಕಾಣದ ಕಡೆ ಒಂದು ಗೇಣು ಒಳ್ಳೆ ಬಟ್ಟೆ ಹಾಕಿದ್ದು ನಾನು ನೋಡಿಲ್ಲ."

*

ಅಂಗಡಿ ಬಿಟ್ಟ ಮೇಲೆ ಅತ್ತೆಯ ಕೈ ಸುಮ್ಮನಿರುತ್ತಿರಲಿಲ್ಲ. ಸೊಸೆ ತನ್ನ ಹಳೆಯ ಟ್ಯಾಬ್ಲೆಟ್ಟು ಕೊಟ್ಟು, ಪಕ್ಕದಲ್ಲಿ ಕೂತು ಕಲಿಸಿದ್ದಳು.

"ಒಬ್ಬೊಬ್ರನ್ನ ಒಂದೊಂದು ಲೇಯರಲ್ಲಿ ಬರೀರಿ. ಗಾಜಿನ ಹಾಳೆ ಒಂದರ ಮೇಲೊಂದು ಇಟ್ಟ ಹಾಗೆ. ಈ ಕಣ್ಣು ಮುಟ್ಟಿದ್ರೆ ಆ ಹಾಳೆ ಕಾಣಲ್ಲ, ಆದ್ರೆ ಇರತ್ತೆ. ಈ ಬುಟ್ಟಿ ಮುಟ್ಟಿದ್ರೆ ಹೋಗೇ ಹೋಯ್ತು."

"ಕಾಣಲ್ಲ, ಆದ್ರೆ ಇರತ್ತೆ." ಅತ್ತೆ ಯೋಚಿಸಿದರು. "ನಿಮ್ಮ ಮಾವನ ಹಾಗೆ."

ಇಬ್ಬರೂ ನಕ್ಕಾಗ ಜಗಲಿಯಿಂದ ಮಾವ, "ಏನದು?" ಅಂದರು.

"ಏನಿಲ್ಲ, ಪಾಠ" ಅಂದರು ಅತ್ತೆ.

"ಮೊದ್ಲು ಗೋಡೆ ಪೂರ್ತಿ ಬಳೀರಿ ಅತ್ತೆ. ಆಮೇಲೆ ಮೇಲಿನ ಹಾಳೇಲಿ ಜನಾನ ನಿಲ್ಸಿ."

"ಜನ ನಿಂತ ಮೇಲೆ ಹಿಂದಿನ ಗೋಡೆ ಯಾರಿಗೆ ಕಾಣತ್ತೆ? ದಂಡ."

"ಮುಂದೆ ಯಾರನ್ನಾದ್ರೂ ತೆಗೀಬೇಕಾದ್ರೆ?"

"ಯಾಕೆ ತೆಗೀಲಿ?"

ಒಬ್ಬೊಬ್ಬರ ಸುತ್ತಲೂ ಕತ್ತರಿ ಆಡಿಸಿದ ಹಾಗೆ ಗೋಡೆಯ ಬಣ್ಣ ಬಳಿದರು. ಬುಟ್ಟಿಯನ್ನು ಒಮ್ಮೆಯೂ ಮುಟ್ಟಲಿಲ್ಲ. ಹಿರಿಮಗನಿಗೆ ಬರೆದು ಒಲ್ಲೆನಿಸಿದ ಮೂರು ಮೂಗುಗಳು ಕೂಡ ಕಣ್ಣು ಮುಚ್ಚಿಕೊಂಡು ಆ ಚಿತ್ರದೊಳಗೇ ಇದ್ದವು.

ಹಾಸಿಗೆ ಹಿಡಿದ ಮೇಲೂ ಬರೆಯುತ್ತಿದ್ದರು. ಒಂದು ಮಧ್ಯಾಹ್ನ ಪೆನ್ನಿಗಾಗಿ ಸೊಸೆಯ ಚೀಲ ಕೊಡವಿದಾಗ ಬೀಗದ ಕೈ ಹೊದಿಕೆಯ ಮೇಲೆ ಬಿತ್ತು. ಎತ್ತಿ ತಿರುಗಿಸಿ ನೋಡಿದರು.

"ಇದು ನಮ್ಮನೇದಲ್ಲ."

ಮಾತ್ರೆ ಬಿಡಿಸುತ್ತಿದ್ದ ಸೊಸೆಯ ಕೈ ನಿಂತಿತು. ಅತ್ತೆ ಅದನ್ನು ಚೀಲದೊಳಗೆ ಹಾಕಿ ಜಿಪ್ಪು ಎಳೆದರು. ಟ್ಯಾಬ್ಲೆಟ್ಟನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು.

"ಚಿತ್ರದಲ್ಲಿ ನಿನ್ನನ್ನ ಕಿಟಕಿ ಮುಂದೆ ನಿಲ್ಸಿದೀನಲ್ಲ, ಆ ಕಿಟಕೀಲಿ ಏನು ಕಾಣತ್ತೆ?"

"ರಸ್ತೆ. ಬಸ್‌ಸ್ಟಾಪು."

"ಬಸ್ಸು ಯಾವ ಬಣ್ಣ?"

"ಹಸಿರು. ನಾನು ಅಡ್ಡ ನಿಂತಿರೋವಾಗ ಅದೆಲ್ಲ ಎಲ್ಲಿ ಕಾಣತ್ತೆ ಅತ್ತೆ?"

"ಸುಮ್ನೆ ಕೇಳ್ದೆ. ಮಾತ್ರೆ ಕೊಡು."

*

ಓರಗಿತ್ತಿಯ ತೂತು ತುಂಬಲು ಹತ್ತು ನಿಮಿಷ ಹಿಡಿಯಿತು. ಪಕ್ಕದ ಗೋಡೆಯ ಬಣ್ಣವನ್ನೇ ತೆಗೆದುಕೊಂಡು ಅಂಚು ಕಾಣದ ಹಾಗೆ ಬಳಿದಳು. ಗಂಡ ಒಳಗೆ ಬಂದ.

"ನನ್ನ ಕಪ್ಪು ಅಂಗಿ ಎಲ್ಲಿ?"

"ಕಪಾಟಿನ ಎರಡನೇ ಅರೇಲಿ."

"ಅಚ್ಚಿನ ಅಂಗಡಿಯೋನು ಹನ್ನೆರಡರೊಳಗೆ ಕಳ್ಸಿ ಅಂದ." ಪರದೆಯ ಕಡೆ ನೋಡದೆ ಹೊರಟುಹೋದ.

ಅವಳ ಬೆರಳು ತಾನಾಗಿಯೇ ಕಣ್ಣುಗಳ ಸಾಲಿನ ಮೇಲೆ ಇಳಿಯಿತು. ಮಾವನ ಕಣ್ಣು ಮುಚ್ಚಿದಳು: ಊರುಗೋಲಿನ ಸಮೇತ ಬಿಳಿ ತೂತು. ತೆರೆದಳು. ನಾದಿನಿಯನ್ನು ಮುಚ್ಚಿದಳು: ಅಗಲವಾದ ತೂತು. ಮೈದುನ, ತೂತು. ಕುರ್ಚಿಯಲ್ಲಿ ಕೂತ ಗಂಡ ಹೋದಾಗ ಕುರ್ಚಿಗೆ ಬೆನ್ನೇ ಇರಲಿಲ್ಲ. ಒಬ್ಬೊಬ್ಬರನ್ನೂ ಮತ್ತೆ ಅವರವರ ಜಾಗದಲ್ಲಿ ನಿಲ್ಲಿಸಿದಳು. ಕೊನೆಗೆ ಉಳಿದದ್ದು ಅಂಚಿನಲ್ಲಿ, ಕಿಟಕಿಯ ಮುಂದೆ ನಿಂತಿದ್ದ ತಾನು.

ಮುಟ್ಟಿದಳು.

ತೂತು ಕಾಣಲಿಲ್ಲ. ಇಡೀ ಕಿಟಕಿ ಇತ್ತು. ಚೌಕಟ್ಟು, ನಾಲ್ಕು ಸರಳು, ಮೂಲೆಯಲ್ಲಿ ಒಡೆದ ಗಾಜಿನ ಗೆರೆ ಕೂಡ. ಆಚೆ ರಸ್ತೆ, ಬಸ್‌ಸ್ಟಾಪು, ಅಲ್ಲಿ ನಿಂತ ಹಸಿರು ಬಸ್ಸು. ಗೆರೆಗಳು ನಡುಗಿದ್ದವು, ಅತ್ತೆ ಹಾಸಿಗೆಯಲ್ಲಿ ಒರಗಿಕೊಂಡು ಎಳೆದಂಥವು.

ಅಳು ಬರಬಹುದೆಂದು ಕಾದಳು. ಬರಲಿಲ್ಲ. ಹಾಲಿನಲ್ಲಿ ಯಾರೋ ಕುರ್ಚಿ ಎಳೆದರು. ತನ್ನ ಕಣ್ಣಿನ ಗುರುತಿನ ಮೇಲೆ ಮತ್ತೆ ಬೆರಳು ತಂದಳು, ಸ್ವಲ್ಪ ಹೊತ್ತು ಹಿಡಿದಳು, ಮುಟ್ಟದೆ ತೆಗೆದಳು. ಆ ಕಣ್ಣು ಮುಚ್ಚಿದ ಹಾಗೇ ಉಳಿಯಿತು.

ಎಲ್ಲ ಪದರಗಳೂ ಸೇರಿ ಒಂದೇ ಆಗುತ್ತವೆ, ಆಮೇಲೆ ಬಿಡಿಸಲು ಆಗುವುದಿಲ್ಲ, ಸರಿಯೇ ಎಂದು ಪರದೆ ಕೇಳಿತು. ಸರಿ ಎಂದು ಒತ್ತಿದಳು.

"ಆಯ್ತೇನಮ್ಮ?" ಅಂದಳು ಕಾಜಾದಜ್ಜಿ.

"ಆಯ್ತು."

*

ಎರಡೂವರೆಗೆ ಚಿತ್ರ ಬಂತು. ಅತ್ತೆಯ ತಲೆಯ ಕಡೆ ಸ್ಟೂಲಿನ ಮೇಲೆ ಒರಗಿಸಿದರು. ನಾದಿನಿ ಕನ್ನಡಕ ಹಾಕಿಕೊಂಡು, ಓರಗಿತ್ತಿ ಇದ್ದ ಜಾಗವನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು.

"ಅಲ್ಲೊಬ್ಬಳು ಇದ್ಲು ಅಂತ ಗೊತ್ತೇ ಆಗಲ್ಲ ಕಣೇ" ಅಂದು ಸೊಸೆಯ ಬೆನ್ನು ತಟ್ಟಿದಳು.

ಬಂದವರು ಒಬ್ಬೊಬ್ಬರಾಗಿ ನಿಂತು ನೋಡಿ ಹೋದರು. "ಎಲ್ಲರನ್ನೂ ಬರೆದಿದಾರೆ ನೋಡಿ, ಪಾಪ. ಒಬ್ಬರನ್ನೂ ಬಿಟ್ಟಿಲ್ಲ" ಎಂದು ಯಾರೋ ಅಂದರು. ಹೌದೆಂದು ಮಾವ ತಲೆಯಾಡಿಸಿದರು. ಗಂಡ ಬಂದು ಚಿತ್ರದ ಮುಂದೆ ತುಸು ಹೊತ್ತು ನಿಂತ. ವಾಲಿದ್ದ ಕಟ್ಟನ್ನು ಒಂದು ಬೆರಳಿನಿಂದ ನೇರ ಮಾಡಿ, ಗಾಡಿ ಬಂತೇನೋ ನೋಡಲು ಹೊರಗೆ ಹೋದ.

ಸೊಸೆ ಗೋಡೆಗೆ ಒರಗಿ ನಿಂತಿದ್ದಳು. ಪೆನ್ನಿನ ಚೀಲ ಕಂಕುಳಲ್ಲಿತ್ತು. ಬಟ್ಟೆಯ ಮೇಲಿಂದಲೇ ಬೀಗದ ಕೈಯ ಹಲ್ಲುಗಳು ಬೆರಳಿಗೆ ಒಂದೊಂದಾಗಿ ಸಿಗುತ್ತಿದ್ದವು. ಬೆಳಗಿನಿಂದ ಅವಳ ಕೈಗೆ ನಿಜವಾಗಿ ತಾಗಿದ್ದು ಅದೊಂದೇ.

ಕಾಜಾದಜ್ಜಿ ಕೊನೆಗೆ ಬಂದಳು. ಜನರನ್ನೆಲ್ಲ ಬಿಟ್ಟು ಅಂಚಿನ ಕಿಟಕಿಗೆ ಕಣ್ಣು ಕಿರಿದು ಮಾಡಿದಳು.

"ಎಷ್ಟು ಸಣ್ಣದು ಬರೆದಿದಾಳೆ ನೋಡು ಬಸ್ಸು. ಗಾಲಿ, ಕಂಬಿ, ಎಲ್ಲ ಇದೆ." ಇನ್ನೂ ಬಗ್ಗಿದಳು. "ಬಾಗ್ಲು ಹಾಕೋದೊಂದು ಮರ್ತುಬಿಟ್ಟಿದಾಳೆ."

"ಹೂಂ" ಅಂದಳು ಸೊಸೆ.

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಎಲ್ಲರೂ ಆ ಕಡೆ ತಿರುಗಿದರು. ಚಿತ್ರದ ಕಿಟಕಿಯಾಚೆ ಹಸಿರು ಬಸ್ಸು ಬಾಗಿಲು ತೆರೆದುಕೊಂಡೇ ನಿಂತಿತ್ತು.